ಹೆದೆ ಇಳಿಸುವ ಕೆಲಸ

ಏಳನೇ ಮಂಚ. ಕಿಟಕಿಯ ಒಳಮೈಗೂ ಹಿಮ ಹತ್ತಿದೆ.
ಹೊರಗೆ ಉಲಾನ್‌ಬಾತರ್ ಕಲ್ಲಿದ್ದಲ ಹೊಗೆ ಹೊದ್ದುಕೊಂಡಿದೆ,
ಮೈನಸ್ ಮೂವತ್ತೊಂದು.
ಒಳಗೆ ಗೊಂಬೊಸುರೆನ್, ಐವತ್ತೆರಡು, ಬಿಲ್ಲು ಕಟ್ಟುವವನು,
ಸೇತುವೆಯ ಮೇಲೆ ಜಾರಿದ ವ್ಯಾನಿನಿಂದ
ನೇರ ಇಲ್ಲಿಗೆ ಬಂದವನು.

ಮಲಗಿದ್ದಾನೆ ಅಂದರೆ ತಪ್ಪಾಗುತ್ತದೆ.
ಹಾಸಿಗೆಗೆ ತಾಗುವುದು ಹಿಮ್ಮಡಿ, ತಲೆಯ ಹಿಂಬದಿ, ಅಷ್ಟೇ;
ಬೆನ್ನಡಿಯಲ್ಲಿ ನನ್ನ ಅಂಗೈ ಸಲೀಸಾಗಿ ಹೋಗಿಬರುತ್ತದೆ.
ತೋಳಿಗೆ ಮೊಣಕೈ ಮರೆತುಹೋಗಿದೆ.
ಅಂಗೈಗಳು ಹಿಂದಕ್ಕೆ ತಿರುಚಿಕೊಂಡಿವೆ,
ಬೆನ್ನ ಹಿಂದಿನಿಂದ ಯಾರೋ ಕೊಡುವ ಲಂಚ
ಗುಟ್ಟಾಗಿ ಪಡೆಯುವ ಹಾಗೆ.

"ಎಷ್ಟು ಬಲ ನೋಡು," ಅನ್ನುತ್ತಾಳೆ ದುಲ್ಮಾ,
"ಇವನ ಕೈ ಬಗ್ಗಿಸಲು ಇಬ್ಬರು ಬೇಕು!"

ಬಲವಲ್ಲ ಅಕ್ಕಾ. ಹೇಗೆ ಹೇಳಲಿ.
ಮಿದುಳಿನ ಕಾಂಡ ಹೆಬ್ಬೆರಳಿನಷ್ಟು ದಪ್ಪ.
ಅದರೊಳಗೆ ಕೆಂಪು ಕಾಳಿನಂಥದೊಂದು ಗಂಟು;
ತೋಳಿಗೆ 'ಮಡಚು' ಎಂಬ ಮಾತು ಅಲ್ಲಿಂದ ಇಳಿಯುತ್ತಿತ್ತು.
ಅದರ ಕೆಳಗೆ ಈಗ ರಕ್ತ ನಿಂತಿದೆ.
ಇನ್ನೂ ಕೆಳಗೊಬ್ಬ ಹಳೆಯ ಕಾವಲುಗಾರ,
ಅವನಿಗೆ ಬರುವುದು ಒಂದೇ ಮಾತು:
ಬೀಳಬೇಡ, ನೆಟ್ಟಗೆ ನಿಲ್ಲು.
ಸಾಕು ಮಾರಾಯ ಎನ್ನಲು ಮೇಲೆ ಯಾರೂ ಇಲ್ಲ.
ಮಲಗಿದವನಿಗೆ ಹಗಲಿರುಳು ಕೂಗುತ್ತಿದ್ದಾನೆ,
ನಿಲ್ಲು, ನಿಲ್ಲು.

ಇದಿಷ್ಟೂ ಹೇಳಲಿಲ್ಲ. ದಿಂಬು ಕೇಳಿದೆ.
ಅಂಗಾತ ಹಾಕಿದರೆ ಸೆಟೆತ ಹೆಚ್ಚು;
ಮಗ್ಗುಲಾಗಿಸಿ, ಮಂಡಿಗಳ ನಡುವೆ ಒಂದು ದಿಂಬಿಟ್ಟು
ನಿಧಾನ ಕಾಯಬೇಕು. ಎಳೆದರೆ ಇನ್ನಷ್ಟು ಬಿಗಿಯುತ್ತದೆ,
ಹಟದ ಕತ್ತೆಯ ಹಾಗೆ.

ಕಾಯುವಾಗ ಅವಳು ಬಿಲ್ಲಿನ ಮಾತೆತ್ತುತ್ತಾಳೆ.
ಕಾಡುಮೇಕೆಯ ಕೊಂಬು, ಮೀನಿನ ಅಂಟು,
ಜಿಂಕೆಯ ಬೆನ್ನಿನ ನರ, ಬಾಚಿ ಬಾಚಿ ಹಚ್ಚಿದ್ದು.
(ನರ ಅಂದಾಗ ನಾನು ತಲೆಯೆತ್ತಿದೆ.)
"ಹೆದೆ ಏರಿಸಿಯೇ ಇಟ್ಟರೆ ಬಿಲ್ಲು ಸಾಯುತ್ತದೆ.
ಇಳಿಸಿದರೂ ನಮ್ಮ ಬಿಲ್ಲು ನೆಟ್ಟಗಾಗುವುದಿಲ್ಲ,
ಆಚೆ ಬದಿಗೆ ಸುರುಳಿ ಸುತ್ತಿ ಮಲಗುತ್ತದೆ,
ಒಲೆಯ ಪಕ್ಕದ ಬೆಕ್ಕು."

ಒಂಬತ್ತನೇ ದಿನ ಹೊರಳಿಸುವಾಗ
ಅವನ ತಲೆ ಎಡಕ್ಕೆ ವಾಲಿತು.
ಎಡತೋಳು ಉದ್ದಕ್ಕೆ ಚಾಚಿತು, ಬಲಮೊಣಕೈ
ಕಿವಿಯ ಹತ್ತಿರಕ್ಕೆ ಮಡಚಿಬಂತು.
ದುಲ್ಮಾಳ ಥರ್ಮಾಸು ಕೆಳಗೆ ಬಿತ್ತು,
ಉಪ್ಪುಚಹಾ ನೆಲದ ತುಂಬ.
"ಬಾಣ ಹೂಡಿದ!"

ಮೂರು ತಿಂಗಳ ಕೂಸುಗಳೂ ಹೂಡುತ್ತವೆ ಅಕ್ಕಾ,
ಕುತ್ತಿಗೆ ತಿರುಗಿದ ಕಡೆಗೆ.
ಆಮೇಲೆ ಮರೆಯುತ್ತವೆ, ಮರೆತರೇ ಬೆಳವಣಿಗೆ.
ಬಾಯಿಗೆ ಬಂದದ್ದನ್ನು ನುಂಗಿ ನೆಲ ಒರೆಸಿದೆ.

ಮೂರನೇ ಮಂಚದ ಮುದುಕ ಆ ರಾತ್ರಿ ಮೆತ್ತಗಾದ.
ಬಟ್ಟೆಯಂತೆ ಬಿದ್ದ ಕೈ ಹಿಡಿದು
ಮೊಮ್ಮಕ್ಕಳು ನಕ್ಕರು, ಸಡಿಲಾದ, ಹುಷಾರಾಗುತ್ತಿದ್ದಾನೆ ಎಂದು.
ಕೂಗುತ್ತಿದ್ದ ಕಾವಲುಗಾರನೂ
ಹೊರಟುಹೋಗಿದ್ದ, ಅಷ್ಟೇ.
ಅಂದಿನಿಂದ ಪ್ರತಿ ಮುಂಜಾನೆ ಗೊಂಬೊಸುರೆನ್‌ನ ತೋಳು ಮುಟ್ಟುವಾಗ
ನನಗೇ ತಿಳಿಯದು ಏನು ಬೇಡುತ್ತೇನೆಂದು:
ಸಡಿಲಾಗು, ಆದರೆ ಅಷ್ಟಲ್ಲ.

ಇಪ್ಪತ್ತನೇ ದಿನ. ಡಾಕ್ಟರ್ ಜವ್ಜನ್
ಉಗುರಿನ ಬುಡಕ್ಕೆ ಪೆನ್ನು ಒತ್ತುತ್ತಾರೆ, ದಿನವೂ ಒತ್ತುವ ಹಾಗೆ.
ದಿನವೂ ಸೆಟೆದು ಚಾಚುತ್ತಿದ್ದ ತೋಳು
ಇಂದು ತಡವರಿಸಿತು. ಮೊಣಕೈ ಇದೆಯೆಂದು ನೆನಪಾಯಿತು.
ಮುಷ್ಟಿ ಮೆಲ್ಲಗೆ ಎದೆಯ ಮೇಲೆ ಬಂದು ಕೂತಿತು.

ಪಟ್ಟಿಯಲ್ಲಿ ಎರಡಿದ್ದುದು ಮೂರಾಯಿತು.
ಆರರ ತನಕ ಎಣಿಸಬೇಕು ಇನ್ನೂ.
ಎಚ್ಚರವಲ್ಲ, ಅಪ್ಪುಗೆಯಲ್ಲ,
ದುಲ್ಮಾ ತನ್ನ ಬೆರಳನ್ನು ಆ ಮುಷ್ಟಿಯೊಳಗೆ ತೂರಿಸಿದ್ದಾಳೆ, ಸರಿ,
ಹಾಗೆಂದು ಅವನಿಗೆ ಗೊತ್ತೂ ಇಲ್ಲ.

"ಇಳಿಯಿತಾ ಹೆದೆ?" ಕೇಳುತ್ತಾಳೆ.
ಒಂದು ಎಳೆ, ಅಂದೆ.
ಆ ಕಡೆಯ ದಿಂಬು ಕೊಡಿ.